ಸಂಘದ ಪುಸ್ತಕದ ಹಸು, ಸಂಸತ್ತಿನ ಅತ್ತೆ-ಸೊಸೆ



ಕಳೆದ ತಿಂಗಳು ಬೇಗೂರಿನ ಒಂದು ಸ್ವಸಹಾಯ ಸಂಘದವರು ತಮ್ಮ ಸಭೆಗೆ ಬಂದು ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಅವರು ಕೊಟ್ಟ ವಿಷಯ 'ಶಾಸನಸಭೆಯಲ್ಲಿ ಮಹಿಳೆ'. ನಾನು ಮಾರ್ಗರೆಟ್ ಆಳ್ವ ಅವರ ರಾಜಕೀಯ ಜೀವನದ ಬಗ್ಗೆ ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ನಾಗೇಶ್ವರ ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ, ಸದಸ್ಯೆಯೊಬ್ಬರ ಮನೆಯ ತಾರಸಿಯ ಮೇಲೆ ಸಭೆ. ನನ್ನ ಮಾತಿಗೆ ಮೊದಲು ಸಂಘದ ವ್ಯವಹಾರ ಮುಗಿಸಬೇಕಿತ್ತು. ಉಳಿತಾಯದ ಹಣ ಎಣಿಸಿದರು, ಹಳೆಯ ಸಾಲದ ಕಂತು ಬರೆದುಕೊಂಡರು. ಆಮೇಲೆ ಹೊಸ ಸಾಲದ ಅರ್ಜಿಗಳು ಬಂದವು.

ಒಬ್ಬ ಸದಸ್ಯೆ ಎರಡು ಲಕ್ಷ ರೂಪಾಯಿ ಕೇಳಿದರು. ಉದ್ದೇಶ ಏನೆಂದು ಬರೆಯಲಿ ಎಂದು ಕಾರ್ಯದರ್ಶಿ ಕೇಳಿದರು. 'ಹಸು ಅಂತ ಬರೀರಿ' ಎಂದು ಉತ್ತರ ಬಂತು. ಯಾರೂ ನಗಲಿಲ್ಲ. ನಾನು ಮಾತ್ರ ಪೆದ್ದಿಯಂತೆ, 'ಹಸುವನ್ನು ಎಲ್ಲಿ ಕಟ್ಟುತ್ತೀರಮ್ಮ?' ಎಂದು ಕೇಳಿಬಿಟ್ಟೆ. ಆಕೆ ಇರುವುದು ಬಾಡಿಗೆ ಮನೆ, ಅದೂ ಎರಡನೇ ಮಹಡಿಯಲ್ಲಿ. ಹಿಂದೆ ಹುಲ್ಲು ಬೆಳೆಯುತ್ತಿದ್ದ ಕಡೆಗಳಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಸದಸ್ಯೆ ನನ್ನ ಕಿವಿಯಲ್ಲಿ ಹೇಳಿದರು: 'ಮೇಡಂ, ಮಗಳಿಗೆ ಗಂಡು ಗೊತ್ತಾಗಿದೆ.'

ಆಗ ನನಗೆ ಅರ್ಥವಾಯಿತು. ಹಸು ಎಂದರೆ ವರದಕ್ಷಿಣೆ. ಅಲ್ಲಿದ್ದ ಹದಿನೈದು ಹೆಂಗಸರಿಗೂ ಅದು ಗೊತ್ತು. ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

ಆ ದಿನ ನಾನು ಬರೆದುಕೊಂಡು ಹೋಗಿದ್ದ ಭಾಷಣವನ್ನು ಪೂರ್ತಿ ಮಾಡಲಿಲ್ಲ. ಮಾಡಬೇಕಾಗಿದ್ದ ಭಾಷಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಆ ಹಸುವಿಗೂ ನಾನು ಹೇಳಹೊರಟಿದ್ದ ಸಂಸತ್ ಸದಸ್ಯೆಯ ಕಥೆಗೂ ನೇರವಾದ ಸಂಬಂಧವಿದೆ.

ನಮ್ಮ ಹೋರಾಟದಲ್ಲಿ 'ಅತ್ತೆ' ಎಂಬ ಪದ ಬಂದರೆ ಸಾಕು, ಸೀಮೆಎಣ್ಣೆ ಡಬ್ಬ ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಆದರೆ ಇನ್ನೊಂದು ಬಗೆಯ ಅತ್ತೆ-ಸೊಸೆಯನ್ನು ನೋಡಿ. ಅತ್ತೆ ವಯಲೆಟ್ ಆಳ್ವ. 1952ರಲ್ಲಿ ಅವರು ರಾಜ್ಯಸಭೆಗೆ ಹೋದರು, ಅವರ ಗಂಡ ಜೋಕಿಂ ಆಳ್ವ ನಮ್ಮ ಉತ್ತರ ಕನ್ನಡದಿಂದ ಲೋಕಸಭೆಗೆ ಹೋದರು. ಗಂಡ-ಹೆಂಡತಿ ಇಬ್ಬರೂ ಏಕಕಾಲಕ್ಕೆ ಸಂಸತ್ತಿನಲ್ಲಿದ್ದ ಮೊದಲ ದಂಪತಿ ಇವರೇ. ವಯಲೆಟ್ ಕೇಂದ್ರದಲ್ಲಿ ಗೃಹಖಾತೆಯ ಉಪಮಂತ್ರಿಯಾದರು. 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿ ಆ ಸದನದ ಪೀಠದಲ್ಲಿ ಕುಳಿತರು.

ಸೊಸೆ ಮಾರ್ಗರೆಟ್. 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಓದಿದ್ದು ನಮ್ಮ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ, ಆಮೇಲೆ ಸರ್ಕಾರಿ ಕಾನೂನು ಕಾಲೇಜಿನಲ್ಲಿ. 1964ರಲ್ಲಿ ನಿರಂಜನ ಆಳ್ವ ಅವರನ್ನು ಮದುವೆಯಾದರು. ಈಕೆ ಗಂಡನ ಮನೆಗೆ ತಂದ ದೊಡ್ಡ ಆಸ್ತಿ ಎಂದರೆ ಕಾನೂನು ಪದವಿ ಎಂದು ನಾನು ಹೇಳುತ್ತೇನೆ. ಆ ಮನೆ ಆ ಪದವಿಯನ್ನು ಅಟ್ಟಕ್ಕೆ ಎಸೆಯಲಿಲ್ಲ. 1974ರಲ್ಲಿ, ಮೂವತ್ತೆರಡನೇ ವಯಸ್ಸಿನಲ್ಲಿ, ಮಕ್ಕಳ ತಾಯಿಯಾಗಿದ್ದ ಆಕೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ರಾಜ್ಯಸಭೆಗೆ ನಾವು ನೇರವಾಗಿ ಮತ ಹಾಕುವುದಿಲ್ಲ. ನಾವು ಆರಿಸಿ ಕಳಿಸಿದ ಶಾಸಕರು ವಿಧಾನಸೌಧದಲ್ಲಿ ಮತ ಹಾಕಿ ಕಳಿಸುತ್ತಾರೆ. ಹೀಗೆ ನಾಲ್ಕು ಸಲ, 1998ರವರೆಗೆ ಇಪ್ಪತ್ತನಾಲ್ಕು ವರ್ಷ, ರಾಜ್ಯದ ಶಾಸಕರು ಈಕೆಯನ್ನು ದೆಹಲಿಗೆ ಕಳಿಸಿದರು. 1999ರಲ್ಲಿ ಉತ್ತರ ಕನ್ನಡದ ಮತದಾರರೇ ನೇರವಾಗಿ ಲೋಕಸಭೆಗೆ ಕಳಿಸಿದರು. 2004ರಲ್ಲಿ ಅದೇ ಮತದಾರರು ಸೋಲಿಸಿದರು. 2009ರಲ್ಲಿ ಉತ್ತರಾಖಂಡದ ರಾಜ್ಯಪಾಲರಾದರು, ಆ ರಾಜ್ಯಕ್ಕೆ ಮೊದಲ ಮಹಿಳಾ ರಾಜ್ಯಪಾಲರು. ಆಮೇಲೆ 2014ರವರೆಗೆ ರಾಜಸ್ಥಾನದಲ್ಲಿದ್ದರು. 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತು ಸೋತರು.

ಇಷ್ಟು ಹುದ್ದೆಗಳ ಪಟ್ಟಿ ಓದಿದರೆ ಕೈ ಮುಗಿಯಬೇಕೆನಿಸುತ್ತದೆ. ಆದರೆ ಶಾಸನಸಭೆಯಲ್ಲಿ ಕುಳಿತವರನ್ನು ಹುದ್ದೆಗಳಿಂದ ಅಳೆಯಬಾರದೆಂದು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದೆ. ಅವರ ಕಾಲದಲ್ಲಿ ಯಾವ ಕಾನೂನು ಬಂತು, ಅದು ಯಾರ ಅಡುಗೆಮನೆಯವರೆಗೆ ತಲುಪಿತು ಎಂಬುದೇ ಅಳತೆಗೋಲು.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದನ್ನು ಪಾಸು ಮಾಡುವುದು ಸುಲಭವಾಗಲಿಲ್ಲ. ಯಾವುದನ್ನು ವರದಕ್ಷಿಣೆ ಎನ್ನಬೇಕು, ಯಾವುದನ್ನು ಉಡುಗೊರೆ ಎನ್ನಬೇಕು ಎಂಬ ಬಗ್ಗೆ ಲೋಕಸಭೆ ಒಂದು ಕಡೆ, ರಾಜ್ಯಸಭೆ ಇನ್ನೊಂದು ಕಡೆ ಎಳೆದವು. ಕೊನೆಗೆ 1961ರ ಮೇ 6 ಮತ್ತು 9ರಂದು ಎರಡೂ ಸದನಗಳು ಒಟ್ಟಿಗೆ ಸೇರಬೇಕಾಯಿತು. ಸ್ವತಂತ್ರ ಭಾರತದ ಸಂಸತ್ತಿನ ಇತಿಹಾಸದಲ್ಲಿ ಅದೇ ಮೊದಲ ಜಂಟಿ ಅಧಿವೇಶನ. ಅದು ನಡೆದದ್ದು ಯುದ್ಧಕ್ಕಾಗಿ ಅಲ್ಲ, ತೆರಿಗೆಗಾಗಿ ಅಲ್ಲ, ವರದಕ್ಷಿಣೆಗಾಗಿ! ವಯಲೆಟ್ ಆಗ ರಾಜ್ಯಸಭೆಯ ಸದಸ್ಯೆ, ಅವರ ಗಂಡ ಲೋಕಸಭೆಯ ಸದಸ್ಯ. ಅತ್ತೆಯ ತಲೆಮಾರು ನಮಗೆ ಕೊಟ್ಟ ಕಾನೂನು ಅದು.

ಅದು ಹಲ್ಲಿಲ್ಲದ ಕಾನೂನು. ಹೆಚ್ಚೆಂದರೆ ಆರು ತಿಂಗಳ ಸೆರೆ, ಇಲ್ಲವೇ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಂದು ವರ್ಷದೊಳಗೆ ದೂರು ಕೊಡಬೇಕು. ಪೊಲೀಸರು ತಾವಾಗಿ ಕೈ ಹಾಕುವಂತಿಲ್ಲ. ಮದುವೆಯಲ್ಲಿ ಕೊಟ್ಟ ನಗದು, ಒಡವೆ, ಬಟ್ಟೆಯನ್ನು ಮದುವೆಗೆ ಪ್ರತಿಯಾಗಿ ಕೊಟ್ಟದ್ದೆಂದು ತೋರಿಸದ ಹೊರತು ವರದಕ್ಷಿಣೆಯೆಂದು ಎಣಿಸುವಂತಿಲ್ಲ. ಹೊಸದಾಗಿ ಮದುವೆಯಾದ ಯಾವ ಹುಡುಗಿ ಒಂದು ವರ್ಷದೊಳಗೆ ಗಂಡನ ಮನೆಯವರ ಮೇಲೆ ದೂರು ಕೊಟ್ಟಾಳು?

ಈ ಕಾನೂನಿಗೆ ಹಲ್ಲು ಬರಲು ಹೆಂಗಸರು ಬೀದಿಗೆ ಇಳಿಯಬೇಕಾಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ, ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ ಮಹಿಳಾ ಸಂಘಟನೆಗಳು ಎದ್ದವು. ಬೆಂಗಳೂರಿನಲ್ಲಿ 1979ರಲ್ಲಿ ವಿಮೋಚನಾ ಹುಟ್ಟಿತು. ಸ್ಟೌ ಸಿಡಿದು ಸತ್ತಳು ಎಂಬ ಹೇಳಿಕೆಯನ್ನು ನಂಬಲು ಹೆಂಗಸರು ನಿರಾಕರಿಸಿದರು. ಸ್ಟೌ ಯಾವಾಗಲೂ ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಅದರ ಫಲವಾಗಿ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಸೇರಿತು, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಅಪರಾಧವಾಯಿತು. 1984ರಲ್ಲಿ ವರದಕ್ಷಿಣೆ ಕಾಯ್ದೆಯ ಒಂದು ವರ್ಷದ ಗಡುವು ಹೋಯಿತು.

1985ರಲ್ಲಿ ಕೇಂದ್ರದಲ್ಲಿ ಮಹಿಳೆ ಮತ್ತು ಮಕ್ಕಳಿಗಾಗಿ ಪ್ರತ್ಯೇಕ ಇಲಾಖೆ ಬಂತು. ಅದರ ಹೊಣೆ ಹೊತ್ತ ರಾಜ್ಯಮಂತ್ರಿ ನಮ್ಮ ಸೊಸೆ ಮಾರ್ಗರೆಟ್ ಆಳ್ವ. ಅವರು 1989ರವರೆಗೆ ಆ ಹೊಣೆಯಲ್ಲಿದ್ದರು. 1986ರ ತಿದ್ದುಪಡಿ ಬಂದದ್ದು ಈ ಅವಧಿಯಲ್ಲಿ. ವರದಕ್ಷಿಣೆ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಕನಿಷ್ಠ ಐದು ವರ್ಷ ಸೆರೆ. ಹದಿನೈದು ಸಾವಿರ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅಷ್ಟು ದಂಡ. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ತೆಗೆದುಕೊಂಡಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾವಿಗೆ ಮುನ್ನ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ ಅದು 'ವರದಕ್ಷಿಣೆ ಸಾವು', 304ಬಿ, ಕನಿಷ್ಠ ಏಳು ವರ್ಷ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಂಕಿ ಬದಲಾಗಿದೆ. 304ಬಿ ಈಗ 80ನೇ ಕಲಮು, 498ಎ ಈಗ 85 ಮತ್ತು 86. ಠಾಣೆಯಲ್ಲಿ ಯಾರಾದರೂ 'ಆ ಸೆಕ್ಷನ್ ಈಗ ಇಲ್ಲಮ್ಮ' ಎಂದರೆ ಈ ಹೊಸ ಅಂಕಿಗಳನ್ನು ಹೇಳಿ.

ಹೀಗೆ ಅತ್ತೆ ಇದ್ದ ಸಂಸತ್ತು ಬಿತ್ತಿದ್ದನ್ನು ಇಪ್ಪತ್ತೈದು ವರ್ಷದ ಮೇಲೆ ಸೊಸೆ ಇದ್ದ ಸಂಸತ್ತು ಕಳೆ ಕಿತ್ತು ಬೆಳೆಸಿತು. ಎರಡು ತಲೆಮಾರು ಬೇಕಾಯಿತು. ಇದು ಒಬ್ಬರ ಸಾಧನೆಯಲ್ಲ. ಸದನದೊಳಗಿನ ಮಹಿಳೆ, ಬೀದಿಯ ಮಹಿಳೆ, ಸುಟ್ಟು ಹೋದ ಮಹಿಳೆ, ಮೂವರೂ ಸೇರಿ ಬರೆದ ಕಾನೂನು ಇದು.

ಆಳ್ವ ಅವರ ಕಾಲದ ಇನ್ನೊಂದು ಕೆಲಸವನ್ನು ಹೇಳಬೇಕು. 1988ರಲ್ಲಿ ಮಹಿಳೆಯರಿಗಾಗಿ ಒಂದು ರಾಷ್ಟ್ರೀಯ ಮುನ್ನೋಟ ಯೋಜನೆ ತಯಾರಾಯಿತು. ಪಂಚಾಯಿತಿಯಿಂದ ಸಂಸತ್ತಿನವರೆಗೆ ಮಹಿಳೆಯರಿಗೆ ಮೀಸಲಾತಿ ಬೇಕೆಂದು ಅದು ಶಿಫಾರಸು ಮಾಡಿತು. ಆಗಲೇ ನಮ್ಮ ಕರ್ನಾಟಕದಲ್ಲಿ 1983ರ ಕಾನೂನಿನಂತೆ ಶೇಕಡ 25ರ ಮೀಸಲಾತಿಯಿಟ್ಟು 1987ರಲ್ಲಿ ಪಂಚಾಯಿತಿ ಚುನಾವಣೆ ನಡೆದಾಗಿತ್ತು. 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯಿತಿ, ನಗರಸಭೆಗಳಲ್ಲಿ ಮೂರನೇ ಒಂದು ಭಾಗ ನಮ್ಮದಾಯಿತು. ವಿಧಾನಸಭೆ, ಲೋಕಸಭೆಯ ಮೀಸಲಾತಿ ಮಸೂದೆಯನ್ನು 1996ರಲ್ಲಿ ಕನ್ನಡಿಗ ಪ್ರಧಾನಿ ದೇವೇಗೌಡರ ಸರ್ಕಾರ ಮಂಡಿಸಿತು. ಅದು ಪಾಸಾದದ್ದು 2023ರಲ್ಲಿ! ಆ ಕಾನೂನಿನಲ್ಲೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂಬ ಎರಡು ಹೊಸ್ತಿಲುಗಳನ್ನು ಇಟ್ಟರು. 2024ರ ಚುನಾವಣೆಯಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ ಗೆದ್ದ ಹೆಂಗಸರು 74. ಕರ್ನಾಟಕದ 28ರಲ್ಲಿ ಮೂವರು.

'ಮೇಡಂ, ಅವರು ಸಂಸದರ ಮನೆಯ ಸೊಸೆ. ನಮ್ಮಂಥವರಿಗೆ ಆ ಕಥೆ ಏಕೆ?' ಎಂದು ನೀವು ಕೇಳಬಹುದು. ಕೇಳಬೇಕು. ಮಾವ, ಅತ್ತೆ ಇಬ್ಬರೂ ಸಂಸತ್ತಿನಲ್ಲಿದ್ದ ಮನೆಯಿಂದ ಹೊರಟವರಿಗೆ ಸಿಗುವ ದಾರಿ ಬಸ್ಸಿನಲ್ಲಿ ನಿಂತು ಗಾರ್ಮೆಂಟ್ ಕಾರ್ಖಾನೆಗೆ ಹೋಗುವವಳಿಗೆ ಸಿಗುವುದಿಲ್ಲ. 2008ರಲ್ಲಿ ಆಳ್ವ ಅವರು, ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ತಮ್ಮದೇ ಪಕ್ಷದ ಟಿಕೆಟ್‌ಗಳು ಹಣಕ್ಕೆ ಮಾರಾಟವಾದವು ಎಂದು ಬಹಿರಂಗವಾಗಿ ಆರೋಪಿಸಿ ಪಕ್ಷದ ಹುದ್ದೆ ಕಳೆದುಕೊಂಡರು. ಪಕ್ಷ ಆ ಆರೋಪವನ್ನು ಒಪ್ಪಲಿಲ್ಲ. ಅವರ ಮಗನಿಗೆ ಟಿಕೆಟ್ ಸಿಗದಿದ್ದುದೂ ಆ ಮಾತಿನ ಹಿಂದಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಆ ಮಾತು ನನಗೆ ಮುಖ್ಯ. ಗಂಡಿಗೆ ಬೆಲೆ ಕಟ್ಟುವ ಸಮಾಜ ಚುನಾವಣೆಯ ಸೀಟಿಗೂ ಬೆಲೆ ಕಟ್ಟುತ್ತದೆ. ಎರಡು ಕಡೆಯೂ ಬೆಲೆ ತೆರಲಾಗದವಳು ಹೊರಗೆ ನಿಲ್ಲುತ್ತಾಳೆ.

ಆದ್ದರಿಂದಲೇ ಇನ್ನೊಬ್ಬರನ್ನು ನೆನೆಯುತ್ತೇನೆ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. ಅವರು ದೆಹಲಿಗೆ ಹೋಗಲಿಲ್ಲ. ಒಂದೇ ಕ್ಷೇತ್ರದಿಂದ ಏಳು ಸಲ ವಿಧಾನಸಭೆಗೆ ಆರಿಸಿ ಬಂದರು. 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾಗಿದ್ದರು. ಅವರು ಪೀಠದಿಂದ 'ಕುಳಿತುಕೊಳ್ಳಿ' ಎಂದರೆ ಗಂಡಸರು ಕುಳಿತುಕೊಳ್ಳಬೇಕಾಗಿತ್ತು. ನಮ್ಮ ರಾಜ್ಯದ ಎಷ್ಟು ಮನೆಗಳಲ್ಲಿ ಅಂಥ ದೃಶ್ಯ ಕಂಡೀತು?

ಈಗ ಆ ಹಸುವಿಗೆ ಮರಳುತ್ತೇನೆ. ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1986ರ ತಿದ್ದುಪಡಿ ಬಂದ ವರ್ಷ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಪತ್ರಿಕೆಯಲ್ಲಿ ಬಂದ ವರದಿಯನ್ನು ಕತ್ತರಿಸಿಕೊಂಡು ಹೋಗಿ ತರಗತಿಯಲ್ಲಿ ಓದಿ ವಿವರಿಸಿದ್ದೆ. ಎರಡು ವರ್ಷದ ನಂತರ ನನ್ನ ತಮ್ಮನ ಮದುವೆಯಾಯಿತು. ಹೆಣ್ಣಿನ ಕಡೆಯವರು ಸ್ಕೂಟರ್ ಕೊಟ್ಟರು. ನಾವು ಕೇಳಲಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ಮಾತುಕತೆಯ ದಿನ ನನ್ನ ತಂದೆ, 'ಹುಡುಗನ ಆಫೀಸು ದೂರ' ಎಂದು ಎರಡು ಸಲ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಸ್ಕೂಟರಿನ ಹಿಂದೆ ಕುಳಿತು ನಾನು ಎಷ್ಟೋ ದಿನ ಕಾಲೇಜಿಗೆ ಹೋಗಿದ್ದೇನೆ, ಹೋಗಿ ಸಂವಿಧಾನದ ಸಮಾನತೆಯ ಪಾಠ ಮಾಡಿದ್ದೇನೆ. ನಾದಿನಿಯ ತಂದೆ ಆ ಸ್ಕೂಟರಿನ ಸಾಲ ತೀರಿಸಲು ನಾಲ್ಕು ವರ್ಷ ತೆಗೆದುಕೊಂಡರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವರ ಪುಸ್ತಕದಲ್ಲಿ ಆ ಸಾಲಕ್ಕೆ ಯಾವ ಹೆಸರು ಬರೆದಿದ್ದರೋ!

ಹಾಗಾಗಿ ಎರಡು ಲಕ್ಷ ಕೇಳಿದ ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕೊಡದಿದ್ದರೆ ಸಂಬಂಧ ತಪ್ಪೀತು, ಕೊಟ್ಟರೆ ಮಗಳಾದರೂ ಸುಖವಾಗಿದ್ದಾಳು ಎಂಬುದು ಆಕೆಯ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳುವುದು ನಮ್ಮ ಕೆಲಸ. ಒಂದು ಸಲ ಕೊಟ್ಟವರು ಇನ್ನೊಂದು ಸಲವೂ ಕೊಡುತ್ತಾರೆಂದು ಗಂಡಿನ ಮನೆಯವರು ಕಲಿಯುತ್ತಾರೆ. 2022ರಲ್ಲಿ ಈ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ವರದಕ್ಷಿಣೆ ಕೊಟ್ಟರೂ ಸತ್ತವರು, ಕೊಟ್ಟದ್ದು ಸಾಲದೆಂದು ಸತ್ತವರು ಅವರಲ್ಲಿದ್ದಾರೆ.

ಸಂಘದ ಲೆಕ್ಕವನ್ನೂ ನೋಡಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಾದರೆ ಎರಡು ಲಕ್ಷಕ್ಕೆ ತಿಂಗಳಿಗೆ ಎರಡು ಸಾವಿರ. ಅಸಲು ಬೇರೆ. ಹಸುವಾದರೆ ಹಾಲು ಕೊಟ್ಟು ಸಾಲ ತೀರಿಸುತ್ತದೆ. ಈ ಹಸು ಹಾಲು ಕೊಡುವುದಿಲ್ಲ, ಮೇವು ಮಾತ್ರ ಕೇಳುತ್ತದೆ. ಕಂತು ತಪ್ಪಿದಾಗ ಉಳಿದ ಹದಿನಾಲ್ಕು ಸದಸ್ಯೆಯರು ಆಕೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಹೆಣ್ಣಿನ ಕೈಗೆ ಹಣ ಬರಲೆಂದು ಕಟ್ಟಿದ ಸಂಘ, ಹೆಣ್ಣನ್ನು ಕೊಟ್ಟ ಮನೆಯಿಂದ ಹಣ ಹೊತ್ತೊಯ್ಯುವ ಗಾಡಿಯಾಗಬೇಕೆ?

ಕಾನೂನಿನ ಮಾತನ್ನೂ ಅರಿತಿರಿ. ಕೊಟ್ಟವರೂ ಅಪರಾಧಿಗಳೇ ಎಂದು ಕಾಯ್ದೆ ಹೇಳುತ್ತದೆ. ಆದರೆ ನೊಂದವರು ದೂರು ಹೇಳಿದರೆ, ಆ ಹೇಳಿಕೆಯ ಕಾರಣಕ್ಕೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯೂ ಅದರಲ್ಲಿದೆ. ಆದ್ದರಿಂದ ಕೊಟ್ಟಾಯಿತು, ಇನ್ನು ಬಾಯಿ ಬಿಡುವಂತಿಲ್ಲ ಎಂದು ಯಾರೂ ಸುಮ್ಮನಿರಬೇಡಿ. ಯಾರೇ ವರದಕ್ಷಿಣೆ ತೆಗೆದುಕೊಂಡಿದ್ದರೂ ಅದನ್ನು ಮೂರು ತಿಂಗಳೊಳಗೆ ಹುಡುಗಿಯ ಹೆಸರಿಗೆ ಒಪ್ಪಿಸಬೇಕೆಂದೂ ಕಾಯ್ದೆಯಲ್ಲಿದೆ. 1985ರ ನಿಯಮದಂತೆ ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು, ಯಾರು ಕೊಟ್ಟರು, ಅಂದಾಜು ಬೆಲೆ ಎಷ್ಟು ಎಂದು ನಮೂದಿಸಿ ವಧೂವರರು ಸಹಿ ಹಾಕಬೇಕು. ಮುಯ್ಯಿ ಬರೆಯುವ ಪುಸ್ತಕವನ್ನು ಎಲ್ಲ ಮದುವೆಯಲ್ಲೂ ಇಡುವ ನಾವು ಈ ಪಟ್ಟಿಯನ್ನು ಏಕೆ ಇಡುವುದಿಲ್ಲ? ಹೊಡೆತ ಬಡಿತವಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ ಸಂರಕ್ಷಣಾಧಿಕಾರಿಯ ಬಳಿ ಹೋಗಬಹುದು. 181 ಸಹಾಯವಾಣಿಗೆ ಫೋನು ಮಾಡಬಹುದು.

ನನ್ನ ಅಭಿಪ್ರಾಯ ಇಷ್ಟು. ಪ್ರತಿ ಸಂಘವೂ ತನ್ನ ನಡಾವಳಿ ಪುಸ್ತಕದಲ್ಲಿ ಮೂರು ಠರಾವು ಬರೆಯಲಿ. ಒಂದು, ವರದಕ್ಷಿಣೆಗೆ ಸಾಲವಿಲ್ಲ, ಯಾವ ಹೆಸರಿನಲ್ಲಿಯೂ ಇಲ್ಲ. ಎರಡು, ಅದೇ ಮಗಳ ಓದಿಗೆ, ತರಬೇತಿಗೆ, ಹೊಲಿಗೆ ಯಂತ್ರಕ್ಕೆ, ಅವಳದೇ ಹೆಸರಿನ ಕಸುಬಿಗೆ ಮೊದಲ ಆದ್ಯತೆಯ ಸಾಲ. ಮೂರು, ಸದಸ್ಯೆಯ ಮಗಳ ಮಾತುಕತೆಗೆ ಗಂಡಿನವರು ಬಂದ ದಿನ ಸಂಘದ ಇಬ್ಬರು ಸದಸ್ಯೆಯರು ಅಲ್ಲಿ ಕುಳಿತಿರಲಿ. ಒಬ್ಬಂಟಿ ತಾಯಿಯ ಮುಂದೆ 'ಹುಡುಗನ ಆಫೀಸು ದೂರ' ಎನ್ನುವುದು ಸುಲಭ. ಹದಿನೈದು ಹೆಂಗಸರ ಪರವಾಗಿ ಬಂದು ಕುಳಿತವರ ಮುಂದೆ ಅಷ್ಟು ಸುಲಭವಲ್ಲ. ಇದರಿಂದ ಒಂದೆರಡು ಸಂಬಂಧ ಮುರಿಯಬಹುದು. ಹಣವಿಲ್ಲದ ಮಾತ್ರಕ್ಕೆ ಮುರಿಯುವ ಸಂಬಂಧ ಮದುವೆಗೆ ಮೊದಲೇ ಮುರಿಯುವುದು ಮೇಲು. ನಾಲ್ಕು ಜನರ ಮಾತು ಆ ತಾಯಿಯೊಬ್ಬಳ ಮೇಲೆ ಬೀಳದಂತೆ ಸಂಘ ಪಕ್ಕದಲ್ಲಿ ನಿಲ್ಲಬೇಕು. ಅದಿಲ್ಲದೆ ಠರಾವು ಬರೆದರೆ ನಾವೂ ಹಲ್ಲಿಲ್ಲದ ಕಾನೂನನ್ನೇ ಮಾಡಿದಂತೆ.

ಬೇಗೂರಿನ ದೇವಸ್ಥಾನದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಕಲ್ಲೊಂದರ ಮೇಲೆ 'ಬೆಂಗಳೂರು' ಎಂಬ ಹೆಸರಿದೆ. ಒಂದು ಕಾಳಗವನ್ನು, ಅದರಲ್ಲಿ ಸತ್ತವನನ್ನು ನೆನೆಯಲು ಬರೆಸಿದ ಕಲ್ಲು ಅದು. ಗಂಡಸರ ಕಾಳಗ ಕಲ್ಲಿನ ಮೇಲೆ ಉಳಿಯಿತು. ನಮ್ಮ ಕಾಳಗಗಳು ಸಂಘದ ಪುಸ್ತಕದಲ್ಲಾದರೂ ಅವುಗಳ ನಿಜವಾದ ಹೆಸರಿನಲ್ಲಿ ಉಳಿಯಲಿ.

ಆ ದಿನದ ಸಭೆಯಲ್ಲಿ ನಾನು ನನ್ನ ತಮ್ಮನ ಸ್ಕೂಟರಿನ ಕಥೆಯನ್ನು ಮಾತ್ರ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಸಾಲ ಕೇಳಿದ ಸದಸ್ಯೆ ಸೆರಗಿನಲ್ಲಿ ಮುಖ ಒರೆಸಿಕೊಂಡು, 'ಹಂಗಾದ್ರೆ ಬರೋ ಭಾನುವಾರ ಗಂಡಿನೋರು ಬರ್ತಾರೆ, ನೀವ್ಯಾರಾದ್ರೂ ಬರ್ತೀರಾ?' ಎಂದು ಕೇಳಿದರು. ಮೂವರು ಕೈ ಎತ್ತಿದರು. ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು. ಕಾರ್ಯದರ್ಶಿ ಉದ್ದೇಶದ ಕಲಮಿನಲ್ಲಿದ್ದ 'ಹಸು' ಎಂಬ ಪದದ ಮೇಲೆ ಗೆರೆ ಎಳೆದರು. ಆ ಜಾಗ ಈಗ ಖಾಲಿ ಇದೆ. ನಿಮ್ಮ ಸಂಘದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಅದರಲ್ಲಿ ಎಷ್ಟು ಹಸುಗಳಿವೆ?